ಮಕ್ಕಳಿದ್ದಲ್ಲಿಗೆ

ಕ್ಯಾಲನೂರಿನ ನಮಗೆ ಕರಗವೆಂದರೆ ಹೊತ್ತಿಗೆ ಮುಂಚೆ ಉಂಡು, ಕೋಲಾರಕ್ಕೋ ಮಾಲೂರಿಗೋ ಹೋಗಿ, ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ಬೀದಿಯಲ್ಲಿ ನಿಲ್ಲುವುದು. ಕತ್ತಿ ಹಿರಿದ ವೀರಕುಮಾರರು ದಾರಿ ಬಿಡಿಸುತ್ತಾರೆ. ಹಿಂದೆಯೇ ಸೀರೆಯುಟ್ಟು ಬಳೆ ತೊಟ್ಟ ಗಂಡಸು, ಅವನ ತಲೆಯ ಮೇಲೆ ಮಲ್ಲಿಗೆಯ ಗೋಪುರ. ಕೈಯಲ್ಲಿ ಅದನ್ನು ಹಿಡಿಯುವಂತಿಲ್ಲ. ಕುಣಿಯುತ್ತಾನೆ, ಹೂವು ತೊನೆಯುತ್ತದೆ, ಬೀಳುವುದಿಲ್ಲ. ಜನ ‘ಗೋವಿಂದಾ’ ಎಂದು ಕೂಗುತ್ತಾರೆ.

ಆ ಹೂವಿಗಿಂತ ನನ್ನನ್ನು ಹೆಚ್ಚು ಕಾಡುವುದು ಅದನ್ನು ಇಲ್ಲಿಗೆ ತಂದವರ ಕಥೆ. ತಿಗಳರು ತಮಿಳು ಸೀಮೆಯಿಂದ ಬಂದವರು. ಹೈದರಾಲಿ ಲಾಲ್‌ಬಾಗಿಗೆಂದು ಕರೆಸಿಕೊಂಡ ಎಂಬ ಮಾತಿದೆ, ಅದಕ್ಕೂ ಮೊದಲೇ ಬಂದರು ಎನ್ನುವವರೂ ಇದ್ದಾರೆ. ಸೊಪ್ಪು, ತರಕಾರಿ, ಹೂವು ಬೆಳೆದು ಬದುಕಿದರು. ಮನೆಯಲ್ಲಿ ಅರವ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ನಮ್ಮ ಜಿಲ್ಲೆಯಲ್ಲಿ ಇದೇನು ವಿಶೇಷವಲ್ಲ ಬಿಡಿ. ಬಿಟ್ಟುಬಂದ ಹಳ್ಳಿ ಯಾವುದೆಂದು ಎಷ್ಟು ಮನೆಗಳಲ್ಲಿ ನೆನಪಿದೆಯೋ! ಕರಗವಾಗಿ ಬರುವ ದ್ರೌಪದಿಯನ್ನು ಮಾತ್ರ ಮರೆಯಲಿಲ್ಲ. ತಮಿಳುನಾಡಿನ ಸೆಂಜಿ ಕಡೆಯಲ್ಲಿ ಇವತ್ತಿಗೂ ಅವಳ ಗುಡಿಗಳ ಮುಂದೆ ಭಾರತದ ಕಥೆ ನಡೆಯುತ್ತದೆ, ಕೆಂಡ ತುಳಿಯುತ್ತಾರೆ. ಕೂಲಿಗೆಂದು ಹಡಗು ಹತ್ತಿದ ತಮಿಳರು ಅವಳನ್ನು ಫಿಜಿಗೆ, ರಿಯೂನಿಯನ್ ದ್ವೀಪಕ್ಕೆ ಕೂಡ ಕೊಂಡೊಯ್ದರು.

ಪಾಂಡವರು ಸ್ವರ್ಗಕ್ಕೆ ನಡೆದಾಗ ಮೊದಲು ಬಿದ್ದವಳು ದ್ರೌಪದಿ, ಯಾರೂ ನಿಲ್ಲಲಿಲ್ಲ. ವ್ಯಾಸರ ಕಥೆ ಅವಳನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ತಿಗಳರು ಬಿಡಲಿಲ್ಲ. ಅವರ ಕಥೆಯಲ್ಲಿ ಅವಳು ಎದ್ದು, ತಿಮಿರಾಸುರನಿಗೆ ಎದುರು ನಿಂತು, ತನ್ನ ಮೈಯಿಂದಲೇ ವೀರಕುಮಾರರನ್ನು ಹುಟ್ಟಿಸಿ, ಗೆದ್ದಳು. ಹೊರಟವಳ ಕಾಲು ಹಿಡಿದು ಆ ಮಕ್ಕಳು ಅತ್ತರು. ವರ್ಷಕ್ಕೊಮ್ಮೆ ಬರುತ್ತೇನೆಂದು ಮಾತು ಕೊಟ್ಟಳು.

ಇಂಥ ಊರಿಗೆ ಬರುತ್ತೇನೆ ಎನ್ನಲಿಲ್ಲ ನೋಡಿ. ಮಾತು ಕೊಟ್ಟದ್ದು ಮಕ್ಕಳಿಗೆ, ನೆಲಕ್ಕಲ್ಲ. ಮಕ್ಕಳು ಗುಳೆ ಹೋದರೆ ತಾಯಿಯ ದಾರಿಯೂ ಅತ್ತಲೇ ತಿರುಗುತ್ತದೆ. ಊರು ಬಿಟ್ಟವರಿಗೆ ಇದಕ್ಕಿಂತ ಒಪ್ಪುವ ದೇವರು ಇನ್ನೊಬ್ಬಳು ಸಿಕ್ಕಾಳೆ?

ಹೀಗೆ ದೇವರನ್ನು ಜೊತೆಗೆ ಕರೆದೊಯ್ದವರು ಬೇರೆಡೆಯೂ ಇದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಊರಿದೆ. 1905ರಿಂದಾಚೆಗೆ ಗ್ರೀಕ್ ದ್ವೀಪಗಳ ಮುಳುಗುಗಾರರು ಸಮುದ್ರದ ಸ್ಪಂಜು ತೆಗೆಯಲು ಅಲ್ಲಿಗೆ ಬಂದರು. ಪ್ರತಿ ಜನವರಿ 6ರಂದು ಪಾದ್ರಿ ನೀರಿಗೆ ಶಿಲುಬೆ ಎಸೆಯುತ್ತಾರೆ, ಹುಡುಗರು ಧುಮುಕಿ ಹುಡುಕುತ್ತಾರೆ. ಮುಳುಗುವವರ ದೇವರು ನೀರಿನಡಿ ಸಿಗುತ್ತಾನೆ, ಹೂದೋಟದವರ ದೇವಿ ಮಲ್ಲಿಗೆಯಲ್ಲಿ ಬರುತ್ತಾಳೆ. ಹೊಟ್ಟೆ ಹೊರೆದ ಕಸುಬಿನಲ್ಲೇ ದೇವರು ಮನೆ ಮಾಡಿಕೊಂಡದ್ದು ಆ ಕಡಲ ದಂಡೆಯಲ್ಲೂ ಈ ಬಯಲುಸೀಮೆಯಲ್ಲೂ ಒಂದೇ ಬಗೆ.

ಬಂದ ತಾಯಿ ತನ್ನ ಮಕ್ಕಳ ಬಳಿಯಷ್ಟೇ ನಿಲ್ಲುವುದಿಲ್ಲ. ಬೆಂಗಳೂರಿನ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತದೆ. ನಮ್ಮ ಕಡೆಯ ಬೀದಿಗಳಲ್ಲಿ ‘ಗೋವಿಂದಾ’ ಎಂದು ಗಂಟಲು ಹರಿದುಕೊಳ್ಳುವವರಲ್ಲಿ ತಿಗಳರಲ್ಲದವರೇ ಬಹಳ. ಅವಳು ಮಾತು ಕೊಟ್ಟ ಮಕ್ಕಳ ಪಟ್ಟಿಯಲ್ಲಿ ನಾವಿರಲಿಲ್ಲ. ಆದರೂ ಅವಳು ಬರುವ ಹೊತ್ತಿಗೆ ಎದ್ದು ಕೂತಿರುತ್ತೇವೆ.