ನನ್ನ ಮೋಟರೇ ಯಾಕೆ ಸುಟ್ಟಿತು?

ಕಾಗವಾಡ ತಾಲೂಕಿನ ಮಂಗಸೂಳಿಯಲ್ಲಿ ಮಲ್ಲಯ್ಯನ ಗುಡಿಯಿದೆ. ಮರಾಠಿ ಭಕ್ತರಿಗೆ ಅವನೇ ಖಂಡೋಬ. ಭಂಡಾರ ಹಾರಿಸುವಾಗ ಎರಡೂ ಭಾಷೆಯವರ ಕೈ ಒಂದೇ ಬಣ್ಣ. ಸುತ್ತಲಿನದು ಕಬ್ಬಿನ ಸೀಮೆ. ಖಂಡೆ ಪೂಜೆಯಂದು ಹೊಲದ ಪಂಪಿಗೂ ಕುಂಕುಮ, ಹೂವು ಏರುತ್ತವೆ. ಅದೇ ಪಂಪಿಗೆ ಕಂಪನಿಯ ವಾರಂಟಿ ಕಾಗದವೂ ಇರುತ್ತದೆ. ಒಂದು ಯಂತ್ರಕ್ಕೆ ಎರಡು ಭರವಸೆ ಯಾಕೆ ಬೇಕು?

ಕಾಗದದ ಹಿಂದಿನ ಲೆಕ್ಕ ಇಷ್ಟು. ಒಂದು ಬಗೆಯ ಮೋಟರು ಸರಾಸರಿ ಐದು ವರ್ಷಕ್ಕೊಮ್ಮೆ ಕೆಡುತ್ತದೆ, ರಿಪೇರಿಗೆ 2,000 ರೂಪಾಯಿ ಎನ್ನೋಣ. ವರ್ಷಕ್ಕೆ ಮೋಟರೊಂದಕ್ಕೆ ತಗಲುವ ಸರಾಸರಿ ಖರ್ಚು 400 ರೂಪಾಯಿ. ಅದನ್ನು ಮಾರುವ ಬೆಲೆಯಲ್ಲೇ ಸೇರಿಸಿದರಾಯಿತು. ಮೊದಲ ವರ್ಷ ಕೆಡುವವು ಮಾತ್ರ ನೂರಕ್ಕೆ 20 ಅಲ್ಲ, ಸುಮಾರು 18. ಕೆಲವು ಎರಡೆರಡು ಸಲ ಕೆಟ್ಟು ಲೆಕ್ಕ ತುಂಬಿಸುತ್ತವೆ.

ಇದು ಕೆಡುವ ದರ ಬದಲಾಗುವುದೇ ಇಲ್ಲ ಎಂಬ ಊಹೆಯ ಮೇಲೆ ನಿಂತದ್ದು. ಸ್ವೀಡನ್ನಿನ ವಾಲೋಡಿ ವೈಬುಲ್ 1951ರ ಲೇಖನದಲ್ಲಿ ಕೊಟ್ಟ ಸೂತ್ರ ಹೆಚ್ಚು ಸೂಕ್ಷ್ಮವಾದದ್ದು. ಅದರ ಆಕಾರಾಂಕ ಒಂದಕ್ಕಿಂತ ಕಡಿಮೆಯಿದ್ದರೆ ಕೇಡು ಎಳವೆಯಲ್ಲೇ ಹೆಚ್ಚು, ಒಂದನ್ನು ಮೀರಿದರೆ ಮುಪ್ಪಿನ ಸವೆತ. ಸರಿಯಾಗಿ ಒಂದಾದರೆ ಹತ್ತು ವರ್ಷ ಓಡಿದ ಮೋಟರೂ ನಿನ್ನೆ ಕೊಂಡದ್ದೂ ನಾಳೆಯ ಮಟ್ಟಿಗೆ ಸಮಾನ. ಪೂರ್ವಕರ್ಮವೇ ಅಂಟದ ಯಂತ್ರ!

ಆದರೂ ಇದೆಲ್ಲ ಗುಂಪಿನ ಮಾತು. ಸಂಭವನೀಯತೆ ಸಮೂಹದ ಗುಣ, ಒಬ್ಬನೇ ಮನುಷ್ಯನ ಸಾವಿನ ಸಂಭವನೀಯತೆಗೆ ಅರ್ಥವಿಲ್ಲ ಎಂದು ಗಣಿತಜ್ಞ ರಿಚರ್ಡ್ ಫಾನ್ ಮೀಸೆಸ್ 1928ರಲ್ಲೇ ವಾದಿಸಿದ್ದ. ಕಬ್ಬು ಒಣಗುವ ಹೊತ್ತಿಗೆ ನನ್ನದೇ ಯಾಕೆ ಸುಟ್ಟಿತು ಎಂದು ರೈತ ಕೇಳಿದರೆ ಸೂತ್ರಕ್ಕೆ ಬಾಯಿಲ್ಲ. ‘ವೋಲ್ಟೇಜ್ ಕಮ್ಮಿ ಇತ್ರಿ, ಕಾಯಿಲ್ ಸುಟ್ಟೈತಿ’ ಎಂದು ಮೆಕ್ಯಾನಿಕ್ ಹೇಳಿಯಾನು. ಹೇಗೆ ಸುಟ್ಟಿತೆಂಬುದು ಅದರಿಂದ ತಿಳಿಯುತ್ತದೆ, ಅಷ್ಟೇ. ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಬರೆದ ಆಫ್ರಿಕಾದ ಅಜಾಂದೆ ಜನರಿಗೂ ಗೆದ್ದಲು ತಿಂದೇ ಕಣಜ ಬಿತ್ತೆಂಬುದು ಗೊತ್ತಿತ್ತು. ಇದೇ ಜನ ಅದರ ನೆರಳಿಗೆ ಕೂತಾಗಲೇ ಅದು ಯಾಕೆ ಬಿತ್ತು ಎಂಬುದು ಅವರ ಪ್ರಶ್ನೆ. ಹರಕೆ ಹುಟ್ಟುವುದೂ ಈ ಸಂದಿನಲ್ಲೇ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರು ಪ್ರಶ್ನೆಯನ್ನೇ ಸರಿಯಾಗಿ ಕೇಳಿಸಿಕೊಂಡಿಲ್ಲ.

ಸರಾಸರಿಗೂ ಒಂದು ನಂಬಿಕೆ ಬೇಕು: ಈ ಮೋಟರು ಕೆಟ್ಟದ್ದಕ್ಕೂ ಪಕ್ಕದ ಹೊಲದ್ದಕ್ಕೂ ಸಂಬಂಧವಿಲ್ಲ ಎಂಬುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ದಂಡೆಯ ಹೊಲಗಳು ಒಟ್ಟೊಟ್ಟಿಗೇ ಮುಳುಗಿದವು. ಅಂಥ ದಿನ ಯಾವ ಸರಾಸರಿಯೂ ನಿಲ್ಲದು. ಅದಕ್ಕೇ ಪ್ರವಾಹ, ಸಿಡಿಲುಗಳನ್ನು ದೇವರ ಲೆಕ್ಕಕ್ಕೆ ಹಾಕಿ ವಾರಂಟಿಯ ಹೊರಗಿಡುವುದು ವ್ಯಾಪಾರದ ರೂಢಿ. ಭಕ್ತಿಯಿಂದಲ್ಲ, ಗಂಟು ಉಳಿಸಿಕೊಳ್ಳಲು.

ಹಾಗೆಂದು ದೇವರು ಒಬ್ಬೊಬ್ಬರಿಗೇ ಬೇರೆ ಬೇರೆ ಉತ್ತರ ಕೊಡುತ್ತಾನೆಂದೂ ಇಲ್ಲ. ಮಲ್ಲಯ್ಯ ಹೂವಿನಹಡಗಲಿ ತಾಲೂಕಿನಲ್ಲಿ ಮೈಲಾರಲಿಂಗ. ಅಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಚುಟುಕಾಗಿ ಕಾರಣಿಕ ನುಡಿಯುತ್ತಾನೆ. ಜನ ಅದರಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಓದುತ್ತಾರೆ. ಅದೂ ಇಡೀ ನಾಡಿನ ಮಾತೇ, ಯಾವ ಸರ್ವೆ ನಂಬರಿಗೆ ಎಷ್ಟು ಮಳೆ ಎಂದು ಹೇಳುವುದಿಲ್ಲ. ಕೇಳಿ ಊರಿಗೆ ಮರಳಿದ ರೈತ ತನ್ನ ಸ್ಟಾರ್ಟರ್ ಪೆಟ್ಟಿಗೆಯನ್ನು ತಾನೇ ತೆರೆದು ನೋಡಬೇಕು.