ಹಲವು ದನಗಳಿಗೋಸ್ಕರ ಒಂದು ದನವು ಸಾಯಬಹುದೋ?

ತನ್ನ ಕೊಟ್ಟಿಗೆಯ ಮೂಕಪ್ರಾಣಿಯ ಹಸಿವನ್ನೂ ನೋವನ್ನೂ ವಿಚಾರಿಸುವದು ನೀತಿವಂತನ ಗುರುತುಗಳಲ್ಲೊಂದೆಂದು ಜ್ಞಾನೋಕ್ತಿಗಳ 12ನೆಯ ಅಧ್ಯಾಯವು ನಮಗೆ ಕಲಿಸುತ್ತದೆ. ಹೀಗಿರಲಾಗಿ, ಆರೋಗ್ಯವಾಗಿರುವ ಒಂದು ಎತ್ತಿಗೆ ಬೇಕೆಂದೇ ರೋಗವನ್ನು ಹತ್ತಿಸಿ, ಅದು ನರಳುವದನ್ನು ನೋಡಿ ಬರೆದುಕೊಂಡು, ಕಡೆಗೆ ಅದರ ರಕ್ತವನ್ನು ತೆಗೆದು ಅದರಿಂದ ಮದ್ದನ್ನು ಹುಡುಕುವ ಪಂಡಿತನು ನೀತಿವಂತನೋ, ಕ್ರೂರನೋ? ಇದು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಲ್ಲ. ದನಕ್ಕೆ ಚುಚ್ಚುಮದ್ದು ಹಾಕಿಸುವ ಪ್ರತಿಯೊಬ್ಬ ರೈತನೂ ಇದರೊಳಗೆ ಸೇರಿದ್ದಾನೆ. ಯಾಕಂದರೆ ಆ ಸೀಸೆಯೊಳಗಿನ ಮದ್ದು ಇಂಥ ನೋವಿನ ದಾರಿಯಿಂದಲೇ ನಮ್ಮ ಬಾಗಲಿಗೆ ಬಂದದೆ.

ಪ್ರಶ್ನೆಯ ತೂಕವನ್ನು ತಿಳಿಯುವದಕ್ಕೆ, ನಮ್ಮ ಹಿರಿಯರು ದೊಡ್ಡ ರೋಗವೆಂದು ಹೆದರುತ್ತಿದ್ದ, ಪಂಡಿತರು ರಿಂಡರ್‌ಪೆಸ್ಟ್ ಎನ್ನುವ ವ್ಯಾಧಿಯ ಚರಿತ್ರೆಯನ್ನು ನೋಡೋಣ. ಇದು ತಗಲಿದ ದನಕ್ಕೆ ಮೊದಲು ಉರಿಜ್ವರ ಬರುತ್ತಿತ್ತು. ಕಣ್ಣು ಮೂಗುಗಳಿಂದ ನೀರು ಸುರಿದು, ಬಾಯೊಳಗೆ ಹುಣ್ಣುಗಳೆದ್ದು, ಮೇವು ನಿಂತು, ಆ ಮೇಲೆ ಭೇದಿ ಹತ್ತಿ ಕೆಲವು ದಿನಗಳೊಳಗೆ ಪ್ರಾಣ ಹೋಗುತ್ತಿತ್ತು. ಹಿಂದೆ ಈ ರೋಗವನ್ನು ಕಾಣದಿದ್ದ ಹಿಂಡುಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ದನಗಳು ಸಾಯುತ್ತಿದ್ದವು. 1880ರ ದಶಕದ ಕೊನೆಯಲ್ಲಿ ಇದು ಇಥಿಯೋಪಿಯ ದೇಶವನ್ನು ಹೊಕ್ಕಾಗ ಉಳುವ ಎತ್ತುಗಳಿಲ್ಲದೆ ಹೊಲಗಳು ಬೀಳು ಬಿದ್ದವು. ಅದರ ಬೆನ್ನಿಗೆ ಬಂದ ಬರದಲ್ಲಿ ಆ ದೇಶದ ಜನರಲ್ಲಿ ಮೂರರಲ್ಲೊಂದು ಪಾಲು ಸತ್ತರೆಂದು ಚರಿತ್ರಕಾರರು ಅಂದಾಜು ಮಾಡಿದ್ದಾರೆ. ಎತ್ತು ಬಿದ್ದರೆ ಮನೆಯೇ ಬಿದ್ದಂತೆ ಎಂಬದನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ದನಗಳ ರೋಗಗಳನ್ನು ಶೋಧಿಸುವದಕ್ಕೆ 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆಯು ಸ್ಥಾಪಿಸಲ್ಪಟ್ಟಿತು. ರೋಗದ ವಿಷವು ಊರಿನ ದನಗಳಿಗೆ ಹಬ್ಬಬಾರದೆಂದು ಅದನ್ನು 1893ರಲ್ಲಿ ಹಿಮಾಲಯದ ಮುಕ್ತೇಶ್ವರವೆಂಬ ಗುಡ್ಡಕ್ಕೆ ಒಯ್ದರು. ಅಲ್ಲಿ ಗುಡ್ಡಸೀಮೆಯ ಎತ್ತುಗಳಿಗೆ ರೋಗವನ್ನು ಹತ್ತಿಸಿ ರಕ್ತವನ್ನು ತೆಗೆದರು; ಆ ರಕ್ತವನ್ನು ರೋಗವನ್ನು ಗೆದ್ದು ಉಳಿದಿದ್ದ ಬೇರೆ ಎತ್ತುಗಳಿಗೆ ಚುಚ್ಚಿ, ಅವುಗಳಲ್ಲಿ ಹುಟ್ಟಿದ ಪ್ರತಿವಿಷವುಳ್ಳ ಸೀರಮನ್ನು ಹಳ್ಳಿಗಳಿಗೆ ಕಳುಹಿಸಿದರು. ಬೆಂಗಳೂರಿನ ಹೆಬ್ಬಾಳದ ಸೀರಮ್ ಸಂಸ್ಥೆಯಲ್ಲಿಯೂ ಇಂಥ ಸೀರಮು ತಯಾರಾಗುತ್ತಿತ್ತು. 1920ರ ದಶಕದಲ್ಲಿ ಮುಕ್ತೇಶ್ವರದ ಎಡ್ವರ್ಡ್ಸ್ ಎಂಬ ಪಂಡಿತರು ರೋಗಾಣುವನ್ನು ಆಡಿನಿಂದ ಆಡಿಗೆ ಅನೇಕ ಸಾರಿ ದಾಟಿಸಿ, ದನಗಳ ವಿಷಯದಲ್ಲಿ ಅದರ ಉಗ್ರತೆಯನ್ನು ತಗ್ಗಿಸಿದರು. 1960ರ ಸುಮಾರಿಗೆ ಕೆನ್ಯದ ಮುಗುಗದಲ್ಲಿ ವಾಲ್ಟರ್ ಪ್ಲೌರೈಟ್ ಎಂಬವರು ಕರುವಿನ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವುಗಳಲ್ಲಿ ರೋಗಾಣುವನ್ನು ಸುಮಾರು 90 ಸಾರಿ ದಾಟಿಸಿದಾಗ, ಅದು ಕೇಡು ಮಾಡದೆ ಬಾಳೆಲ್ಲಾ ದನವನ್ನು ಕಾಯುವ ಲಸಿಕೆಯಾಯಿತು. ಭಾರತವು 1954ರಲ್ಲಿ ಆರಂಭಿಸಿದ ನಿರ್ಮೂಲನ ಕಾರ್ಯದ ಫಲವಾಗಿ 1995ರ ಬಳಿಕ ಈ ರೋಗವು ನಮ್ಮ ದೇಶದಲ್ಲಿ ಕಾಣಿಸಲಿಲ್ಲ. 2011ರಲ್ಲಿ ಇದು ಲೋಕದಿಂದಲೇ ಅಳಿಯಿತೆಂದು ಸಾರಲ್ಪಟ್ಟಿತು. ಮನುಷ್ಯರ ಸಿಡುಬಿನ ತರುವಾಯ ಹೀಗೆ ಅಳಿದ ರೋಗ ಇದೊಂದೇ.

ಈ ಫಲವನ್ನು ನೋಡಿ ಕೆಲವರು, ಸತ್ತವು ಕೆಲವು, ಉಳಿದವು ಕೋಟಿಗಟ್ಟಲೆ, ಇನ್ನು ಪ್ರಶ್ನೆಯೇನು, ಎನ್ನುವರು. ಆದರೆ ಕ್ರೈಸ್ತನು ಈ ಲೆಕ್ಕವನ್ನು ಬಾಯಿಗೆ ತರುವ ಮುಂಚೆ ತಡೆದು ನಿಲ್ಲಬೇಕು. ಎಲ್ಲರ ನಾಶಕ್ಕಿಂತ ಒಬ್ಬನ ಸಾವು ಲಾಭವೆಂಬ ಲೆಕ್ಕವನ್ನು ಸುವಾರ್ತೆಯಲ್ಲಿ ಹೇಳಿದವನು ಯಾರು? ಮಹಾಯಾಜಕನಾದ ಕಾಯಫನೇ (ಯೋಹಾನ 11). ದೇವರು ಅವನ ಮಾತಿನಿಂದಲೂ ಒಳ್ಳೇದನ್ನು ತಂದನು ನಿಜ. ಆದರೂ ಅವನ ಮನಸ್ಸು ಶುದ್ಧವಾಗಲಿಲ್ಲ. ಆದಕಾರಣ ಬರೀ ಲಾಭವು ನೋವನ್ನು ನ್ಯಾಯವಾಗಿ ಮಾಡಲಾರದು. ಇನ್ನು ಕೆಲವರು ಆ ಪಶುಗಳ ಸಾವನ್ನು ಯಜ್ಞವೆಂದು ಹೊಗಳುವರು. ಇದೂ ಸರಿಯಲ್ಲ. ನಮ್ಮ ಕರ್ತನು ತನ್ನ ಪ್ರಾಣವನ್ನು ಮನಃಪೂರ್ವಕವಾಗಿ ತಾನೇ ಕೊಟ್ಟನು. ಎತ್ತು ಏನನ್ನೂ ಕೊಡಲಿಲ್ಲ, ನಾವು ತೆಗೆದುಕೊಂಡೆವು. ಕೊಟ್ಟದ್ದು ದಾನ, ತೆಗೆದುಕೊಂಡದ್ದು ಸಾಲ.

ಹಾಗಾದರೆ ಯಾವ ಪಶುವನ್ನೂ ಪ್ರಯೋಗಕ್ಕಾಗಿ ಮುಟ್ಟಲೇಬಾರದೋ? ಹಾಗೆಯೂ ಹೇಳಲಾಗದು. ಸಬ್ಬತ್ ದಿನದಲ್ಲಿಯೂ ಬಾವಿಗೆ ಬಿದ್ದ ಎತ್ತನ್ನು ತಡಮಾಡದೆ ಎತ್ತುವದು ಯೋಗ್ಯವೆಂಬದನ್ನು ಯೇಸು ಸ್ವಾಮಿಯು ತನ್ನ ವಿರೋಧಿಗಳ ಮನಸ್ಸಾಕ್ಷಿಯಿಂದಲೇ ತೋರಿಸಿದನು (ಲೂಕ 14). ಕೊಟ್ಟಿಗೆಯಲ್ಲಿ ರೋಗದಿಂದ ಸಾಯುವ ದನದ ಸಂಕಟವು ಪ್ರಯೋಗಶಾಲೆಯ ದನದ ಸಂಕಟಕ್ಕಿಂತ ಕಡಿಮೆಯಲ್ಲ. ಅದನ್ನು ತಡೆಯುವ ದಾರಿಯಿದ್ದೂ ಹುಡುಕದೆ ಕುಳಿತವನು, ನಾನು ಯಾವ ಪ್ರಾಣಿಯನ್ನೂ ನೋಯಿಸಲಿಲ್ಲವೆಂದು ಕೈ ತೊಳೆದುಕೊಂಡರೆ, ಅದು ಪಿಲಾತನ ಕೈತೊಳೆಯುವಿಕೆಯೇ ಸರಿ.

ಆದ್ದರಿಂದ ನನಗೆ ತೋರುವದೇನಂದರೆ, ಈ ಕೆಲಸವು ಯೋಗ್ಯವಾಗಿರಬಹುದು. ಆದರೆ ಸಾಲವೆಂದು ತಿಳಿದು ಮಾಡುವವನಿಗೆ ಮಾತ್ರ. ಆ ಸಾಲದ ಕರಾರುಗಳು ಮೂರು.

1. ಅಗತ್ಯವು ನಿಜವಾಗಿರಬೇಕು. ಪ್ರಾಣಗಳನ್ನು ಉಳಿಸುವದಕ್ಕಾಗಿಯೇ ಹೊರತು ಹೆಸರಿಗಾಗಲಿ ಬರೀ ಕುತೂಹಲಕ್ಕಾಗಲಿ ನೋವು ಕೊಡಬಾರದು.

2. ನೋವು ಆದಷ್ಟು ಕಡಿಮೆಯಾಗಬೇಕು. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆಯ ಕಾಯಿದೆಯು ಪ್ರಯೋಗಗಳಿಗೆ ಸಮ್ಮತಿ ಕೊಟ್ಟರೂ, ಮತ್ತು ಬರಿಸುವ ಮದ್ದನ್ನು ಉಪಯೋಗಿಸಬೇಕು, ಬೇರೆ ಉಪಾಯವಿರುವಲ್ಲಿ ಪ್ರಯೋಗವನ್ನು ಬಿಡಬೇಕು ಎಂಬ ತಾತ್ಪರ್ಯದ ನಿಯಮಗಳನ್ನು ಅದರೊಂದಿಗೆ ಇಟ್ಟಿದೆ. ಎತ್ತಿನ ರಕ್ತದಿಂದ ಆರಂಭವಾದ ಶೋಧನೆಯು ಗಾಜಿನ ಪಾತ್ರೆಗೆ ಬಂದು ತಲಪಿದ್ದನ್ನು ಮೇಲೆ ನೋಡಿದೆವು. ನೋವಿನಿಂದ ಸಿಕ್ಕಿದ ಜ್ಞಾನವು ಮುಂದಿನ ನೋವನ್ನು ತಗ್ಗಿಸುವದೇ ಧರ್ಮ.

3. ಫಲವನ್ನು ಹೊಂದಿದವನು ಅದನ್ನು ಹಾಳುಮಾಡಬಾರದು. ಮೊದಲಿನ ಎರಡು ಪಂಡಿತರ ಪಾಲಾದರೆ ಇದು ನಮ್ಮ ಪಾಲು.

ಈ ಮೂರನೆಯದನ್ನು ನಮ್ಮ ಸಭೆಗಳವರು ಮನಸ್ಸಿಗೆ ತಂದುಕೊಳ್ಳಬೇಕು. ದೊಡ್ಡ ರೋಗವು ಅಳಿದರೂ ಕಾಲುಬಾಯಿ ಜ್ವರವು ಅಳಿದಿಲ್ಲ. ಅದರ ಲಸಿಕೆಯ ಬಲವು ಬಾಳೆಲ್ಲಾ ನಿಲ್ಲುವಂಥದಲ್ಲ. ಆದಕಾರಣವೇ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಆರಾರು ತಿಂಗಳಿಗೊಮ್ಮೆ ಹಾಕುವ ಏರ್ಪಾಡು ಅದೆ. ಚುಚ್ಚಿಸಿದರೆ ಎರಡು ದಿನ ಹಾಲು ತಗ್ಗೀತೆಂದು ದನದ ಡಾಕ್ಟರು ಬರುವ ದಿವಸ ಹಸುವನ್ನು ಗುಡ್ಡಕ್ಕೆ ಅಟ್ಟುವವನು ಆ ಮೂಕಪ್ರಾಣಿಗಳ ನೋವನ್ನೆಲ್ಲಾ ವ್ಯರ್ಥಮಾಡುತ್ತಾನೆ. ಬಾಯಲ್ಲಿ ಜೊಲ್ಲು ಸುರಿಸುವ ದನದ ಬಾಯನ್ನೊರಸಿ ಸಂತೆಗೆ ಹೊಡೆದು ಮಾರುವವನು ರೋಗವನ್ನೂ ನೆರೆಯವನ ಕೊಟ್ಟಿಗೆಗೆ ಮಾರುತ್ತಾನೆ. ಅವನು ಆದಿತ್ಯವಾರ ಹಾಕುವ ಕಾಣಿಕೆಯು ಆ ಹಣದಿಂದಲೇ ಬಂದದ್ದಾದರೆ ಕರ್ತನು ಅದನ್ನು ಮೆಚ್ಚುವನೋ?

ನಿನೆವೆ ಪಟ್ಟಣವನ್ನು ಉಳಿಸಿದಾಗ ದೇವರು ಅದರಲ್ಲಿದ್ದ ದನಗಳನ್ನು ಸಹ ಲೆಕ್ಕಕ್ಕೆ ತಂದನೆಂದು ಯೋನನ ಗ್ರಂಥದ ಕಡೇ ಮಾತಿನಿಂದ ತಿಳಿಯುತ್ತೇವೆ. ಆ ಲೆಕ್ಕದಲ್ಲಿ ಮುಕ್ತೇಶ್ವರದ ಎತ್ತುಗಳೂ ಇವೆ, ನಮ್ಮ ಹಟ್ಟಿಯ ಹಸುವೂ ಅದೆ. ಮುಂದಿನ ಸಾರಿ ಊರಲ್ಲಿ ಡಂಗುರ ಹೊಡೆದಾಗ ನಮ್ಮ ದನಗಳನ್ನು ಹಿಡುಕೊಂಡು ಮೊದಲು ಹೋಗಿ ನಿಲ್ಲುವವರು ಸಭೆಯವರೇ ಆಗಿರಲಿ.