ಬಾಡಿಗೆಗೆ ತಂದ ಕಣ್ಣು

ನ್ಯೂಜೆರ್ಸಿಯ ಚಳಿಗಾಲ. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ, ಒಂದು ಕಾಲಕ್ಕೆ ಗೋದಾಮಾಗಿದ್ದ ಕಟ್ಟಡದಲ್ಲಿ, ಚಾವಣಿಯಿಂದ ಇಳಿಬಿಟ್ಟ ಬಲೆಗಳ ನಡುವೆ ಅಕ್ಕನ ಮಗ ಬೇಸ್‌ಬಾಲ್ ಬ್ಯಾಟ್ ಹಿಡಿದು ನಿಂತಿದ್ದ. ಹನ್ನೊಂದು ವರ್ಷದವನು. ಎದುರಿಗೆ ಕೋಚ್ ಬಕೆಟ್ಟಿನ ಮೇಲೆ ಕೂತು, ಬಲೆಯ ಮರೆಯಿಂದ ಒಂದೊಂದೇ ಚೆಂಡು ಎಸೆಯುತ್ತಿದ್ದರು. ಹುಡುಗ ಹೊಡೆದ. ಚೆಂಡು ಕೋಚ್ ಹಿಂದಿನ ಬಲೆಗೆ ಹೋಗಿ ಬಡಿಯಿತು. ಅವನು ಅದನ್ನು ನೋಡಲೇ ಇಲ್ಲ, ಕೋಚ್ ಮುಖ ನೋಡಿದ. ಮತ್ತೊಂದು ಹೊಡೆತ, ಮತ್ತೆ ಮುಖ. ಅರ್ಧ ಗಂಟೆ ಇದೇ ನಡೆಯಿತು. ಬ್ಯಾಟಿಗೆ ಚೆಂಡು ಸರಿಯಾಗಿ ತಾಗಿತೋ ಇಲ್ಲವೋ ಎಂಬುದು ಮೊದಲು ಗೊತ್ತಾಗುವುದು ಅಂಗೈಗೆ. ತಪ್ಪಿ ತಾಗಿದರೆ ಮೊಣಕೈವರೆಗೂ ಜುಮ್ಮೆನ್ನುತ್ತದೆ. ಕೈಯಲ್ಲೇ ಇದ್ದ ಆ ಸಾಕ್ಷಿಯನ್ನು ಬಿಟ್ಟು ಹುಡುಗ ಬಕೆಟ್ಟಿನ ಮೇಲಿನ ತೀರ್ಪಿಗೆ ಕಾಯುತ್ತಿದ್ದ.

ಖಾಸಗಿ ಕೋಚಿಂಗ್ ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಹೇಳಲಾರೆ. ಊರ ತಂಡದಲ್ಲಿ ಹನ್ನೆರಡು ಮಕ್ಕಳಿಗೆ ಒಬ್ಬ ಕೋಚ್, ಆತನೂ ಆಫೀಸು ಮುಗಿಸಿ ಓಡಿಬಂದ ಯಾರದೋ ಅಪ್ಪ. ಮಾತಾಡದ ಹುಡುಗ ರೈಟ್ ಫೀಲ್ಡಿನ ಮೂಲೆಯಲ್ಲಿ ಹುಲ್ಲು ಕೀಳುತ್ತಾ ಇಡೀ ಸೀಸನ್ ಕಳೆಯಬಹುದು. ಅಂಥವನನ್ನು ಒಬ್ಬರು ಗಂಟೆಗಟ್ಟಲೆ ಗಮನಿಸುವುದು ಸಣ್ಣ ಮಾತಲ್ಲ.

ನನ್ನ ತಕರಾರು ಆ ಗಂಟೆಯ ಲೆಕ್ಕದ ಬಗ್ಗೆ. ಹಿಂದೆಲ್ಲ ಸೂಜಿ ಚುಚ್ಚದ ಡಾಕ್ಟರನ್ನು ನಮ್ಮೂರಲ್ಲಿ ಯಾರೂ ನಂಬುತ್ತಿರಲಿಲ್ಲ. ಫೀಸು ಕೊಟ್ಟ ಮೇಲೆ ಏನಾದರೂ ಆಗಬೇಕು. ಕೋಚ್ ಪಾಡೂ ಅದೇ. 'ಇವತ್ತು ಹೇಳುವುದೇನಿಲ್ಲ, ಹೊಡಿತಾ ಇರು' ಎನ್ನುವುದು ಎಷ್ಟೋ ದಿನ ಸರಿಯಾದ ಪಾಠ. ಆದರೆ ಗಾಜಿನಾಚೆ ಅಪ್ಪ ಕೂತಿರುವಾಗ ಆ ಮೌನಕ್ಕೆ ಬಿಲ್ಲು ಹಾಕುವುದು ಹೇಗೆ? ಹಾಗಾಗಿ ಮೊಣಕಾಲಿನಲ್ಲಿ ಒಂದು ದೋಷ ಸಿಗುತ್ತದೆ, ಮುಂದಿನ ವಾರ ಭುಜದಲ್ಲಿ ಇನ್ನೊಂದು. ಮೋಸವೇನಲ್ಲ, ನೋಡುತ್ತಾ ಕೂತರೆ ದೋಷ ಕಂಡೇ ಕಾಣುತ್ತದೆ. ಇಷ್ಟೆಲ್ಲ ತಿದ್ದಿಸಿಕೊಂಡ ಮಗುವಿಗೆ, ತಪ್ಪು ಎಂದರೆ ಇನ್ನೊಬ್ಬರು ಹುಡುಕಿ ತೆಗೆಯಬೇಕಾದ ವಸ್ತು ಎಂಬ ಭಾವನೆ ಬೇರೂರುತ್ತದೆ.

ಆಟದಲ್ಲಿ ಈ ಏರ್ಪಾಡು ನಡೆಯುವುದಿಲ್ಲ. ದೊಡ್ಡವರ ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು, ನಿಲ್ಲುವುದು 60 ಅಡಿ 6 ಇಂಚು ದೂರ. ಗಂಟೆಗೆ 90 ಮೈಲಿ ವೇಗದ ಎಸೆತ ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್‌ನಲ್ಲಿ ವೇಗ ಕಡಿಮೆ, ದೂರವೂ 46 ಅಡಿಯಷ್ಟೇ. ಆ ರೆಪ್ಪೆ ಬಡಿಯುವ ಹೊತ್ತಿನಲ್ಲಿ ಯಾವ ಮುಖ ನೋಡುವುದು? ಮೇಲಾಗಿ ಅಲ್ಲಿ ಎಸೆಯುವವನು ಔಟ್ ಮಾಡಲೆಂದೇ ಎಸೆಯುತ್ತಾನೆ. ಬಕೆಟ್ ಮೇಲಿನವರು ಹೊಡೆಯಲಿ ಎಂದು ಎಸೆಯುತ್ತಾರೆ.

ಎಸೆಯುವ ಮಕ್ಕಳ ವಿಷಯ ಇನ್ನೂ ಗಂಭೀರ, ಅಲ್ಲಿ ಪಣಕ್ಕಿರುವುದು ಮೊಣಕೈ. 1974ರಲ್ಲಿ ಫ್ರಾಂಕ್ ಜೋಬ್ ಎಂಬ ಸರ್ಜನ್, ಪಿಚರ್ ಟಾಮಿ ಜಾನ್ ಅವರ ಬಲಗೈಯಿಂದ ಸ್ನಾಯುರಜ್ಜು ತೆಗೆದು ಹರಿದ ಎಡ ಮೊಣಕೈಗೆ ಕೂರಿಸಿದರು. ವೃತ್ತಿಪರನಿಗೆಂದು ಹುಟ್ಟಿದ ಆ ಶಸ್ತ್ರಚಿಕಿತ್ಸೆ ಇವತ್ತು ಹೈಸ್ಕೂಲು ಹುಡುಗರವರೆಗೂ ಇಳಿದಿದೆ. ಲಿಟಲ್ ಲೀಗ್ 2007ರಿಂದ ಎಸೆತ ಎಣಿಸುತ್ತದೆ: 11–12ರ ವಯಸ್ಸಿಗೆ ದಿನಕ್ಕೆ 85ರ ಮಿತಿ. ಆದರೆ ಎಣಿಕೆ ಪಂದ್ಯದ್ದು. ಗುರುವಾರ ಸಂಜೆ ಖಾಸಗಿ ಪಾಠದಲ್ಲಿ ಎಸೆದದ್ದು ಆ ಪುಸ್ತಕಕ್ಕೆ ಏರುವುದಿಲ್ಲ. ಮೊಣಕೈ ಒಂದೇ, ಲೆಕ್ಕ ಇಡುವವರು ಇಬ್ಬರು.

ಮುಖ ನೋಡಲು ಕೋಚೇ ಇಲ್ಲದ ಕಡೆಯೂ ಇದೆ: ಡೊಮಿನಿಕನ್ ಗಣರಾಜ್ಯದ ಬೀದಿಗಳಲ್ಲಿ ಮಕ್ಕಳು ವಿತಿಯಾ ಎಂಬ ಬೇಸ್‌ಬಾಲ್ ಥರದ ಆಟ ಆಡುತ್ತಾರೆ. ನೀರಿನ ಕ್ಯಾನಿನ ಮುಚ್ಚಳವೇ ಚೆಂಡು, ಪೊರಕೆ ಕೋಲೇ ಬ್ಯಾಟು. ಮುಚ್ಚಳ ಗಾಳಿಯಲ್ಲಿ ಹೇಗೆ ತಿರುಗೀತೆಂದು ಎಸೆದವನಿಗೂ ಗೊತ್ತಿರುವುದಿಲ್ಲ. ಅದನ್ನೇ ಸ್ವರ್ಗ ಎನ್ನಬೇಕಿಲ್ಲ. ಹದಿನಾರರ ವಯಸ್ಸಿಗೇ ಅಮೆರಿಕದ ತಂಡಗಳ ಒಪ್ಪಂದ ಕೊಡಿಸಿ ಪಾಲು ಕೀಳುವ ದಲ್ಲಾಳಿಗಳು ಅಲ್ಲೂ ಕಾದಿರುತ್ತಾರೆ. ಆದರೂ ಆ ಬೀದಿಯಲ್ಲಿ ಹೊಡೆದವನು ಮುಚ್ಚಳ ಹೋದ ಕಡೆ ನೋಡುತ್ತಾನೆ.

ನಮ್ಮ ಹುಡುಗನ ಪಾಠ ಮುಗಿಯಲು ಹತ್ತು ನಿಮಿಷವಿತ್ತು. ಕೋಚಿಗೆ ಫೋನು ಬಂತು, ಬಾಗಿಲ ಕಡೆ ಹೋದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ರಬ್ಬರ್ ಕಂಬದ ಮೇಲೆ ತಾನೇ ಚೆಂಡು ಇಟ್ಟು ಹೊಡೆದ. ಕೆಳಗೆ ಹೋಯಿತು. ಕಾಲು ಕೊಂಚ ಹಿಂದಿಟ್ಟ, ಮತ್ತೆ ಕೆಳಗೆ. ಮೂರನೆಯದನ್ನು ಎಡಗೈಯವನ ಥರ ತಿರುಗಿ ನಿಂತು ಬೀಸಿ, ಅದು ಎಲ್ಲೋ ಹಾರಿದಾಗ ಒಬ್ಬನೇ ನಕ್ಕ. ನಾಲ್ಕನೆಯದು ಹಿಂದಿನ ಬಲೆಯ ನಟ್ಟನಡುವೆ ಬಡಿಯಿತು. ಬಲೆ ಅಲುಗಾಡುವುದು ನಿಲ್ಲುವವರೆಗೂ ನೋಡುತ್ತಿದ್ದ.

'ಫೋನಿನಲ್ಲೇ ಹತ್ತು ನಿಮಿಷ ಕಳೆದುಬಿಟ್ಟ, ಅಷ್ಟು ದುಡ್ಡು ಮುರಿದುಕೊಂಡೇ ಕೊಡಬೇಕಿತ್ತು' ಎಂದು ಭಾವ ಮನೆ ಮುಟ್ಟುವವರೆಗೂ ಗೊಣಗುತ್ತಿದ್ದರು.